ಸಿಂಹಗಡಕ್ಕ ಹೊಂಟ ಬೂಟು

ನಮ್ಮನ್ಯಾಗ ಯಾವುದರೆ ಊರಿಗೆ ಹೋಗೂ ಮಾತು ತಗದ್ರ ಸಾಕು, ಆ ಊರೊಂದು ಬಿಟ್ಟು ಉಳದಿದ್ದೆಲ್ಲಾ ಆಕ್ಕೈತಿ. ಯಾಕಂತ ಗೊತ್ತಿಲ್ಲ, ಹಣೇಬರಾನ ಹಂಗ. ಸಂಜಿಮುಂದ ಕಾಲನಿ ಹೆಣ್ಮಕ್ಕಳು ಕೂಡಿದಾಗ, ನಗೂವಂಥಾದ್ದು ಏನರೆ ಹೇಳ್ರಿ ಅಂತ ನನಗ ಗಂಟ ಬೀಳ್ತಾರ. ನನ್ನ ಕಡೆ ಇರೂವೆಲ್ಲಾ ದವಾಖಾನಿ ವಾಸನಿ ಬಡಿಯೂ ನಗಿ. ಬೇಕಾದ್ರ ಕುಂತು ಕೇಳ್ರಿ, ಬ್ಯಾಡಾದ್ರ ಎದ್ದು ಹೋಗ್ರಿ.

ನಾವು ಗುಲಬರ್ಗಾ ಕಡೆಯವರು. ಹೈದರಾಬಾದಿನ ಕೂಕಟ್‌ಪಲ್ಲಿಯೊಳಗ ಮನಿ ಮಾಡಿದಾಗ ಆಂಧ್ರ ಇನ್ನೂ ಒಂದ ಇತ್ತು, ಮೆಟ್ರೊ ಅಂಬೂದು ಯಾರ ಕನಸಿನ್ಯಾಗೂ ಇರಲಿಲ್ಲ. ನಾನು ಸರ್ಕಾರಿ ಕಚೇರಿಯೊಳಗ ಟೈಪಿಸ್ಟು, ನಮ್ಮನಿಯವರು ಬಾಲಾನಗರದ ಒಂದು ಕಾರ್ಖಾನಿಯೊಳಗ ಫೋರ್ಮನ್ನು. ಅವ್ರು ಹುಡುಗರಿದ್ದಾಗ ಪುಣೆದಾಗ ಓದಿದವರು. ಐತವಾರಕ್ಕೊಮ್ಮೆ ಅಲ್ಲಿ ಸಿಂಹಗಡದ ಗುಡ್ಡ ಹತ್ತಿ, ಮ್ಯಾಲ ಕುಂತು ಝುಣಕಾ-ಭಾಕ್ರಿ ತಿಂದು, ಮಡಿಕಿ ಮೊಸರು ಕುಡದು ಇಳೀತಿದ್ರಂತ. ಲಗ್ನ ಆದಾಗಿಂದ ನನಗ ಅದನ್ನ ತೋರಸ್ತೀನಿ ಅಂತ ಹೇಳಿಕೋತ ಬಂದ್ರು. ಒಂದಿನ ಗುಡ್ಡ, ಒಂದಿನ ಪುಣೆ ಶಾರ, ಎರಡ ದಿನದ ಮಾತು. ಹೇಳಿಕೋತ ಹೇಳಿಕೋತ ಅವರಿಗೆ ಎದಿ ಬ್ಯಾನಿ ಬಂತು. ದವಾಖಾನಿಯಿಂದ ಬಿಟ್ಟು ಮನಿಗೆ ಬಂದ ದಿನಾನ, ಇನ್ನ ತಡಾ ಮಾಡಬಾರದು, ಸಿಂಹಗಡ ಒಮ್ಮೆ ಹತ್ತೇ ತೀರ್ತೀನಿ ಅಂತ ಹಟಾ ಹಿಡದ್ರು. ನಾನು ಹೂಂ ಅಂದೆ. ಅವತ್ತ ಏನ ಕೇಳಿದ್ರೂ ಹೂಂ ಅಂತಿದ್ದೆ.

ಡಾಕ್ಟರ ಪರವಾನಗಿ

ಡಾಕ್ಟರು ತೆಲುಗಿನವರು, ಭಾಳ ಸಮಾಧಾನದ ಮನಿಷ್ಯಾ. ಭಾರ ಎತ್ತಬ್ಯಾಡ್ರಿ, ಸಿಟ್ಟಾಗಬ್ಯಾಡ್ರಿ, ಮುಖ್ಯ ಅಂದ್ರ ಮೆಟ್ಟಲಾ ಪಾವಟಿಗಿ ಹತ್ತಬ್ಯಾಡ್ರಿ ಅಂತ ತೆಲುಗಿನ್ಯಾಗ ಒಂದೊಂದ ಬಿಡಿಸಿ ಹೇಳಿದ್ರು. ನಮ್ಮನಿಯವರು ಎಲ್ಲಾದಕ್ಕೂ ಗೋಣ ಹಾಕಿ, ಕಡೀಕ ಮೆಲ್ಲಕ, ಒಂದು ಗುಡ್ಡ ಹತ್ತಬಹುದೇನ್ರಿ ಅಂತ ಕೇಳಿದ್ರು. ಡಾಕ್ಟರು ಕನ್ನಡಕ ತಗದು ನನ್ನ ಮಾರಿ ನೋಡಿದ್ರು, ಇವರಿಗೆ ಎದಿ ಅಷ್ಟ ಕೆಟ್ಟೈತೋ, ತಲೀನೂ ಕೆಟ್ಟೈತೋ ಅನ್ನೂವಂಗ. ಪಾವಟಿಗಿನ ಬ್ಯಾಡ ಅಂದ್ರ ಗುಡ್ಡ ಅಂತೀರಲ್ಲ ಅಂತ ಗದರಿಸಿದ್ರು.

ಅವತ್ತ ದವಾಖಾನಿ ಲಿಫ್ಟು ಕೆಟ್ಟಿತ್ತು. ಡಾಕ್ಟರ ಖೋಲಿ ನಾಕನೇ ಮಾಳಗಿ ಮ್ಯಾಲ. ಎದಿ ಬ್ಯಾನಿಯವರೆಲ್ಲಾ ಪಾವಟಿಗಿ ಕಠಡಾ ಹಿಡಕೊಂಡು, ನಡುನಡುವ ಕುಂತು, ಏದುಸಿರು ಬಿಟ್ಟುಕೋತ ಹತ್ತಿ ಬಂದು ಹೊರಗ ಬೆಂಚಿನ ಮ್ಯಾಲ ಬಿದ್ದಿದ್ರು.

ನಮ್ಮನಿಯವರು ಕುರ್ಚಿಯಿಂದ ಏಳಲೇ ಇಲ್ಲ. "ಹಂಗಾರ ನಾನು ಇಲ್ಲೇ ಇರ್ತೀನ್ರಿ ಡಾಕ್ಟರೇ," ಅಂದ್ರು. "ಕೆಳಗ ಇಳದ್ರ, ಮುಂದಿನ ತಿಂಗಳ ನಿಮಗ ತೋರಸಾಕ ಮತ್ತ ಹತ್ತಬೇಕಾಕ್ಕೈತಿ."

ದಾರಿ ಮ್ಯಾಲಿನ ದೇವರು

ಸಮಾ ನೆಲದ ಮ್ಯಾಲ ದಿನಾ ನಡೀರಿ, ಥಂಡಿ ದಿನದಾಗ ನೋಡೋಣು ಅಂತ ಡಾಕ್ಟರು ಅರ್ಧಾ ಬಾಗಲಾ ತಗದ್ರು. ಅಷ್ಟ ಸಾಕಾತು ಇವರಿಗೆ. ಆದ್ರ ನಮ್ಮ ಕಡೆ ಒಂದು ಪದ್ಧತಿ ಐತಿ, ಎಲ್ಲಿಗೆ ಹೊಂಟ್ರೂ ಮನಿ ಹಿರೇರಿಗೆ ತಿಳಿಸೇ ಹೋಗ್ಬೇಕು. ಹಿರೇರಂದ್ರ ಇವರ ಅಕ್ಕಾರು, ಗುಲಬರ್ಗಾದಾಗ ಇರ್ತಿದ್ರು. ಫೋನ್ ಮಾಡಿ ತಿಳಿಸಿದ್ವಿ.

ಪುಣೆ ಅಂದ್ರ ನಡುವ ಸೊಲ್ಲಾಪುರ ಬರ್ತೈತಿ, ಸಿದ್ಧರಾಮೇಶ್ವರಗ ಕೈ ಮುಗೀದ ಹೆಂಗ ದಾಟ್ತೀರಿ ಅಂದ್ರು ಅಕ್ಕಾರು. ಸರಿ ಅಂದ್ವಿ. ಸೊಲ್ಲಾಪುರತನ ಬಂದ ಮ್ಯಾಲ ತುಳಜಾಪುರ ಎಷ್ಟ ದೂರ ಅಂದ್ರು. ಅದೂ ಸರಿ. ಮರುದಿನ ಮತ್ತ ಫೋನು. ಅಕ್ಕಲಕೋಟ ದಾರಿ ಮ್ಯಾಲೇ ಐತಿ, ಪಂಢರಪುರಕ್ಕ ಒಂದು ಬಸ್ಸ ಹತ್ತಿದ್ರ ಆತು, ಬ್ಯಾನಿ ಮನಿಷ್ಯಾ ದೇವರನ್ನ ಬಿಟ್ಟು ಹೋಗಬಾರದು. ಒಂದು ವಾರ ಫೋನ್ ನಡದು, ನಮ್ಮ ಎರಡ ದಿನದ ಪ್ರವಾಸ ಹದಿನೈದು ದಿನದ ಯಾತ್ರಾ ಆತು. ಎಲ್ಲಾ ದೇವರಿಗೂ ಜಾಗಾ ಸಿಕ್ತು. ಪುಣೆ ಒಂದು ಹೊರಗ ಬಿತ್ತು, ಅಷ್ಟೊತ್ತಿಗೆ ರಜಾ ಮುಗೀತಿತ್ತು.

ಅವತ್ತ ನಮ್ಮನಿಯವರು ನನ್ನ ಕೈಯಾಗಿನ ಫೋನ್ ಕಸಗೊಂಡು, ಶಾಂತ ಧ್ವನಿಲೇ ಹೇಳಿದ್ರು: "ಅಕ್ಕಾ, ಈಗ ಗುಡ್ಡ ನೋಡಿ ಬರ್ತೀನಿ. ದೇವರನ್ನ ಹೆಂಗಿದ್ರೂ ಆಮ್ಯಾಲ ಖುದ್ದ ನೋಡಾವ ಇದ್ದೀನಿ."

ಅಕ್ಕಾರು ಎಂಟ ದಿನ ಫೋನ್ ಮಾಡಲಿಲ್ಲ.

ಚಾ

ಕೋಠಿ ಬಾಜಾರಕ್ಕ ಹೋಗಿ ಇವ್ರು ಗುಡ್ಡ ಹತ್ತೂ ಬೂಟು ತಗೊಂಡು ಬಂದ್ರು. ದಪ್ಪನ್ನ ತಳಾ, ಕಂದು ಬಣ್ಣ. ಅದನ್ನ ಹಾಕ್ಕೊಂಡು ಕಾಲನಿ ಸುತ್ತ ಮುಂಜಾನಿ ಸಂಜಿ ನಡಿಯಾಕತ್ತಿದ್ರು. ನೋಡಿದವರಿಗೆಲ್ಲಾ ಬ್ಯಾನಿ ಸುದ್ದಿ ತಿಳೀತು. ನಮ್ಮ ಮಂದಿಗೆ ಬ್ಯಾನಿ ಬಿದ್ದವರನ್ನ ಮಾತಾಡಿಸಿ ಬರದಿದ್ರ ಅನ್ನ ಇಳಿಯೂದಿಲ್ಲ. ಬಾಳಿಹಣ್ಣು ಹಿಡಕೊಂಡು ಒಬ್ಬರ ಹಿಂದ ಒಬ್ಬರು ಬಂದ್ರು. ಬಂದವರು ಧೈರ್ಯ ಹೇಳ್ಬೇಕೋ ಬ್ಯಾಡೋ? ಎಲ್ಲಾರೂ ಯಾರ್‍ಯಾರು ಹೆಂಗೆಂಗ ಹೋದ್ರು ಅನ್ನೂದನ್ನ ಹೇಳವರ. ಬಂದವರಿಗೆ ಏನ ಅನ್ನಾಕ ಬರ್ತೈತಿ, ಚಾ ಮಾಡಿ ಕೊಡ್ತಿದ್ದೆ.

ಮಿಯಾಪುರದಿಂದ ಒಬ್ಬ ಹಿರೇರು ಬಂದ್ರು, ಇವರ ಕಾರ್ಖಾನಿಯೊಳಗ ಮೊದಲ ಇದ್ದವರು. ನಾನು ಇಬ್ಬರಿಗೂ ಚಾ ತಂದಿಟ್ಟೆ. ಅವ್ರು ಬಸಿಗೆ ಸುರುವಿಕೊಂಡು ಆರಿಸಿಕೋತ ತಮ್ಮ ಸಡ್ಡಕನ ಸುದ್ದಿ ತಗದ್ರು. ಏನೂ ಆಗಿರಲಿಲ್ಲಂತ, ನಿಮ್ಮಂಗ ಗಟ್ಟಿಮುಟ್ಟ ಇದ್ದನಂತ. ನಕ್ಕೋತ ಮಾತಾಡಿಕೋತ ಒಂದು ಕಪ್ ಚಾ ಕುಡದು, ಕಪ್ ಕೆಳಗಿಟ್ಟನಂತ, ಹಂಗ ಒಂದ ಮಗ್ಗಲಿಗೆ ಹೊಳ್ಳಿದನಂತ, ಮುಗೀತಂತ.

ನಮ್ಮನಿಯವರ ಕಪ್ಪು ಅರ್ಧಾ ಖಾಲಿ ಆಗಿತ್ತು. ಅದನ್ನ ಕೆಳಗಿಡಲಿಲ್ಲ. ಕೈಯಾಗ ಹಿಡಕೊಂಡೇ ನನ್ನ ಕಡೆ ಹೊಳ್ಳಿ, "ಇದಕ್ಕ ಇನ್ನಷ್ಟು ಸುರುವು," ಅಂದ್ರು, "ಕೆಳಗಿಡೂ ಮನಸಿಲ್ಲ."

ಗುಲಬರ್ಗಾ ಸ್ಟೇಷನ್ನು

ಥಂಡಿ ದಿನ ಬಂದ್ವು. ಗಾಡಿ ಮ್ಯಾಲ ಗಡದ ಬಾಗಲತನಕ ಹೋಗಿ, ಕಡೀ ನಾಕ ಹೆಜ್ಜಿ ನಡೀರಿ ಅಂತ ಡಾಕ್ಟರು ಒಪ್ಪಿದ್ರು. ಅಕ್ಕಾರಿಗೆ ಫೋನ್ ಮಾಡಿ ತಿಳಿಸಿ ರೈಲು ಹತ್ತಿದ್ವಿ. ಬೂಟು ಕಾಲಾಗ ಇತ್ತು. ವಾಡಿ ದಾಟಿದ ಮ್ಯಾಲಂತೂ ಇವ್ರು ಕಿಡಕಿ ಬಿಟ್ಟು ಏಳಲಿಲ್ಲ.

ಗುಲಬರ್ಗಾ ಬಂತು. ನೋಡ್ತೀನಿ, ಪ್ಲಾಟ್‌ಫಾರ್ಮಿನ ತುಂಬ ನಮ್ಮವರ. ಅಕ್ಕಾರು, ಅವರ ಮಕ್ಕಳು, ಸೊಸೀರು, ಓಣಿಯವರು. ಕೈಯಾಗ ರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ, ಕಣ್ಣಾಗ ನೀರು. ಅಕ್ಕಾರು ತಮ್ಮನ್ನ ಕಂಡಿದ್ದ ತಡ, ದೊಡ್ಡ ಧ್ವನಿ ತಗದು ಅಳಾಕತ್ತಿದ್ರು. ಅಕ್ಕನ ಕಾಲಿಗೆ ಬಿದ್ದು ಬರ್ತೀನಿ ಅಂತ ಇವ್ರು ಕೆಳಗ ಇಳದ್ರು. ಅಕ್ಕಾರು ಅಂಗಿ ಹಿಡದವರು ಬಿಡವಲ್ರು. ಎಲ್ಲಾರೂ ಒಬ್ಬೊಬ್ಬರ ಅಪ್ಪಿಕೊಂಡು ಅತ್ತರು. ಸೀಟಿ ಆತು. ಇವ್ರು ಹತ್ತೂ ಹಂಗ ಕಾಣಲಿಲ್ಲ. ನಾನು ಚೀಲ ಒಗದು ನಾನೂ ಇಳದೆ. ರೈಲು ನಮ್ಮನ್ನ ಬಿಟ್ಟು ಪುಣೆಕ್ಕ ಹೋತು.

ಆಮ್ಯಾಲ ತಿಳೀತು. ಎದಿ ಬ್ಯಾನಿ ಇದ್ದಾವ ಪುಣೆಕ್ಕ ಯಾಕ ಹೊಕ್ಕಾನ, ಆಪರೇಶನ್ನಿಗೇ ಹೊಂಟಾನ, ನಾವು ಹೆದರಬಾರದು ಅಂತ ಗುಡ್ಡದ ಸುಳ್ಳ ಹೇಳ್ಯಾನ ಅಂತ ಅಕ್ಕಾರು ತಿಳಕೊಂಡಿದ್ರು. ಕಡೀ ಸರೆ ಮಾರಿ ನೋಡೂನಂತ ಊರೆಲ್ಲಾ ಕರಕೊಂಡು ಬಂದಿದ್ರು. ಆಪರೇಶನ್ ಇಲ್ಲಕ್ಕಾ, ಖರೇನ ಗುಡ್ಡಕ್ಕ ಹೊಂಟಿದ್ದೆ ಅಂತ ಇವ್ರು ಬೂಟು ತೋರಿಸಿ ಆಣಿ ಮಾಡಿ ಹೇಳಿದ್ರು.

ಅಕ್ಕಾರು ಸೆರಗಿಲೆ ಕಣ್ಣ ಒರಸಿಕೊಂಡು, ಬೂಟು ನೋಡಿದ್ರು, ತಮ್ಮನ ಮಾರಿ ನೋಡಿದ್ರು. "ಹಂಗಾರ," ಅಂದ್ರು ಬ್ಯಾಸರಾಗಿ, "ಇಷ್ಟ ಮಂದಿ ಅತ್ತದ್ದು ದಂಡ ಆತಲ್ಲೋ."

ದಂಡ ಆಗಲಿಲ್ಲ. ಅವತ್ತ ರಾತ್ರಿ ಅಕ್ಕಾರ ಮನ್ಯಾಗ ಇವರಿಗೆ ಮತ್ತ ಎದಿ ಹಿಡೀತು. ಮರುದಿನ ಹೊಳ್ಳಿ ಹೈದರಾಬಾದಿಗೆ ಬಂದ್ವಿ. ಡಾಕ್ಟರು ಈ ಸರೆ ಬಾಗಲಾ ಪೂರಾ ಹಾಕಿದ್ರು. ಗುಡ್ಡದ ಹೆಸರು ಎತ್ತಬ್ಯಾಡ್ರಿ ಅಂದ್ರು. ಹೊರಗ ಬಂದು ನನಗೊಬ್ಬಾಕಿಗೆ ಇನ್ನೊಂದು ಮಾತೂ ಹೇಳಿದ್ರು. ಅದನ್ನ ನಾನು ಇವರಿಗೆ ಹೇಳಲಿಲ್ಲ. ಇವ್ರು ಕೇಳಲೂ ಇಲ್ಲ.

ಬೀದರದವರು

ಬೂಟು ಬಾಗಲ ಸಂದಿಯೊಳಗ ಹಂಗ ಇತ್ತು. ಒಂದು ಐತವಾರ ಇವ್ರು ಅದನ್ನ ಚೀಲದಾಗ ಹಾಕಿಕೊಂಡು ತಯಾರಾಗಿ ನಿಂತ್ರು. ಗುಡ್ಡಾನೂ ಇಲ್ಲೇ ಐತಿ, ಶಾರಾನೂ ಇಲ್ಲೇ ಐತಿ, ಪುಣೆ ಯಾತಕ್ಕ ಬೇಕು, ಮುಂಜಾನಿ ಗೋಲ್ಕೊಂಡಾ, ಸಂಜಿಮುಂದ ಚಾರ್‌ಮಿನಾರ ಅಂದ್ರು. ಇಷ್ಟ ವರ್ಷ ಈ ಊರಾಗ ಇದ್ದು, ಬಂದ ಬೀಗರಿಗೆ ಗೋಲ್ಕೊಂಡಾ ಬಾಗಲಾ ತೋರಿಸಿದ್ವಿ ಹೊರತು ನಾವು ಒಮ್ಮೆನೂ ಮ್ಯಾಲ ಹತ್ತಿರಲಿಲ್ಲ.

ನೀವು ಹತ್ತೂ ಹಂಗಿಲ್ಲ ಅಂದೆ. ನಾನಲ್ಲ, ನೀನು ಹತ್ತಾಕಿ, ಇದೂ ಒಂದು ಹರಕಿ ಇದ್ದಂಗ, ಮನ್ಯಾಗ ಯಾರ ತೀರಿಸಿದ್ರೂ ನಡೀತೈತಿ ಅಂದ್ರು. ಬೂಟಿನ ಚೀಲ ನನ್ನ ಕೈಗೆ ಕೊಟ್ರು, ಪಾಪ ಬೂಟರೆ ಗುಡ್ಡ ನೋಡ್ಲಿ ಅಂತ.

ಇವರನ್ನ ಕೆಳಗ ಒಬ್ಬರನ್ನ ಬಿಟ್ಟು ಹೋಗೂದು ನನಗ ಜೀವಾ ಹೋದಂಗ ಆಗಿತ್ತು. ಅದಕ್ಕೂ ಇವ್ರು ಉಪಾಯ ತಗದ್ರು. ಗೋಲ್ಕೊಂಡಾ ಬಾಗಲದ ಗುಮ್ಮಟದ ಕೆಳಗ ಚಪ್ಪಾಳಿ ಹೊಡದ್ರ ಗುಡ್ಡದ ತುದಿಗೆ ಕೇಳಸ್ತೈತಿ, ಎಲ್ಲಾರಿಗೂ ಗೊತ್ತಿದ್ದದ್ದ. ಬಂದವರೆಲ್ಲಾ ಅಲ್ಲಿ ಚಪ್ಪಾಳಿ ಹೊಡಿಯಾವ್ರ. ಅದಕ್ಕ ಇವ್ರು, ನಾನು ಚಪ್ಪಾಳಿಲೇ ಭಜನಿ ತಾಳ ಹಾಕ್ತೀನಿ, ನಡುನಡುವ ಹಾಕ್ಕೋತ ಇರ್ತೀನಿ, ಅದು ಕೇಳೂತನಕ ನಾನು ಅದೀನಿ ಅಂತ ತಿಳಿ, ಕೇಳದಿದ್ರ ಇಳದು ಬಾ ಅಂದ್ರು.

ನಾನು ಹತ್ತಿದೆ. ಬಿಸಲು, ಪಾವಟಿಗಿ, ಕೈಯಾಗ ಬೂಟಿನ ಭಾರ. ತುದಿ ಮುಟ್ಟಿ ಬೂಟು ತಗದು ಕಲ್ಲಿನ ಮ್ಯಾಲ ಇಟ್ಟೆ. ಕೆಳಗಿಂದ ಬಂತು, ಸಣ್ಣಕ, ಆದ್ರ ಅದ ತಾಳ. ಶಾರೆಲ್ಲಾ ಕಾಣ್ತಿತ್ತು. ಎಷ್ಟೋ ದಿನದ ಮ್ಯಾಲ ನನ್ನ ಎದಿ ಹಗುರಾತು. ಮತ್ತೊಮ್ಮೆ ಬಂತು. ಆಮ್ಯಾಲ ಬರಲಿಲ್ಲ.

ಕಾದೆ. ಯಾರ್‍ಯಾರದೋ ಚಪ್ಪಾಳಿ ಬಂದ್ವು, ಭಜನಿ ತಾಳ ಬರಲಿಲ್ಲ. ಡಾಕ್ಟರು ನನಗೊಬ್ಬಾಕಿಗೆ ಹೇಳಿದ ಮಾತು ನೆಪ್ಪಾತು. ಬೂಟು ಎದಿಗೆ ಅವಚಿಕೊಂಡು ಓಡಿದೆ. ಒಂದು ಚಪ್ಪಲಿ ಎಲ್ಲಿ ಹೋತೋ ಗೊತ್ತಿಲ್ಲ. ಮಂದಿ ಹಾದಿ ಬಿಟ್ರು. ಹಣಿ ಕುಂಕುಮಾ ಬೆವರಿನ್ಯಾಗ ಕಣ್ಣಿಗೆ ಇಳದಿತ್ತು. ಅತ್ತಕೋತ ಬಾಗಲಕ್ಕ ಬಂದು ಬಿದ್ದೆ.

ನಮ್ಮನಿಯವರು ಕಟ್ಟಿ ಮ್ಯಾಲ ಕಾಲ ಚಾಚಿ ಕುಂತು, ಒಬ್ಬರ ಜೋಡಿ ಶೇಂಗಾ ಸುಲಕೊಂಡು ತಿನ್ನಾಕತ್ತಿದ್ರು.

"ಬಾ ಬಾ, ಇವ್ರು ಬೀದರದವರಂತ," ಅಂದ್ರು. "ಇವರ ತಂಗೀನ ನಮ್ಮ ಕಾಕಾನ ಬೀಗರ ಮನಿಗೇ ಕೊಟ್ಟಾರ. ಮಾತಿಗೆ ಮಾತು ಬಂತು, ತಾಳ ಮರತ ಹೋತು."

ಆ ಬೀದರದವರು ನನ್ನ ಅವತಾರ ನೋಡಿ ಕೈ ಮುಗದು, ತವರುಮನಿ ಯಾವೂರ್ರಿ ಅಂತ ಕೇಳಿದ್ರು.

ಸಂಜಿಮುಂದ ಹೊಸಾ ಚಪ್ಪಲಿ ತಗೊಂಡು, ಸಿಟ್ಟಿನ್ಯಾಗೇ ಚಾರ್‌ಮಿನಾರ ನೋಡಿ, ಇರಾನಿ ಚಾ ಕುಡದು ಮನಿಗೆ ಬಂದ್ವಿ. ಗುಡ್ಡಾನೂ ಆತು, ಶಾರಾನೂ ಆತು ಅಂತ ಇವ್ರು ಸಮಾಧಾನದಿಂದ ಮಲಗಿದ್ರು. ಬೂಟಿಗೆ ಹತ್ತಿದ ಗೋಲ್ಕೊಂಡಾ ಧೂಳ ಒರಸಾಕ ಬಿಡಲಿಲ್ಲ. ಮುಂದಿನ ಮಳಿಗಾಲ ಅವ್ರು ನೋಡಲಿಲ್ಲ.

ಈಗೂ ಬೀಗರು ಬಂದ್ರ ಗೋಲ್ಕೊಂಡಾಕ್ಕ ಕರಕೊಂಡು ಹೊಕ್ಕೀನಿ. ಎಲ್ಲಾರಿಗೂ ಬಾಗಲಾ ತೋರಿಸಿ, ನಾನೊಬ್ಬಾಕಿ ತುದಿತನಕ ಹತ್ತಿ ಕುಂದರತೀನಿ. ಕೆಳಗಿಂದ ಒಂದಲ್ಲ ಒಂದು ಚಪ್ಪಾಳಿ ಬರ್ತಲೇ ಇರ್ತೈತಿ, ಭಜನಿ ತಾಳ ಮಾತ್ರ ಬರೂದಿಲ್ಲ. ಮೊದಲಿನಂಗ ನಾನೂ ಓಡೂದಿಲ್ಲ. ಹೋದಲ್ಲೂ ಅವರಿಗೆ ಯಾರರೆ ಬೀದರದವರು ಸಿಕ್ಕಿರಬೇಕು.