ಮೂರು ಗೇರೋ, ಎಂಟು ಗೇರೋ

"ಎಂಟು ಅಂದ್ರೆ ಎಂಟೇ," ಎಂದರು ಗಣಿತದ ಮೇಷ್ಟ್ರು, ಸೈಕಲ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು. "ಮೂರು ಗೇರು ಅರೆಮನಸ್ಸಿನವರಿಗೆ."

"ಮಂಡಿ ನಂದು, ಸೈಕಲ್ಲೂ ನಂದೇ," ಎಂದಳು ಹೆಂಡತಿ. "ಮನಸ್ಸು ಮಾತ್ರ ನಿಮ್ಮದು."

ಅವಳು ನರ್ಸು. ಕೆಲಸದ ಆಸ್ಪತ್ರೆ ಇದ್ದದ್ದು ದಿಬ್ಬದ ಮೇಲೆ. ಮಂಡಿನೋವು ಶುರುವಾದಾಗಿನಿಂದ ಅರ್ಧಕ್ಕೇ ಇಳಿದು ಸೈಕಲ್ ತಳ್ಳುತ್ತಿದ್ದಳು. ಗೇರು ಹಾಕಿಸೋಣ ಎಂದು ಬಾಯಿಬಿಟ್ಟು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಮೇಷ್ಟ್ರು ಗೇರಿನ ಬಗ್ಗೆ ಓದಿದರು, ಅವಳು ತಳ್ಳಿದಳು.

ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿರುವ ಹಬ್ಬಿನ ಒಳಗೇ ಅಡಗಿರುತ್ತವೆ, ಧೂಳು ತಾಗುವುದಿಲ್ಲ ಎಂದು ಅಂಗಡಿಯವನು ಹೇಳಹೊರಟ. ಅದನ್ನೂ ಮೇಷ್ಟ್ರೇ ಹೇಳಿ ಮುಗಿಸಿದರು.

"ಎಲ್ಲಾ ತಿಳ್ಕೊಂಡಿದ್ದೀರಿ ಸರ್. ಈ ಸೈಕಲ್ಲಲ್ಲಿ ಹಿಂದಿನ ಚಕ್ರ ಕೂರೋ ಸಂದು ಎಷ್ಟು ಅಗಲ ಇದೆ ಹೇಳಿಬಿಡಿ."

"ಯಾವ ಸಂದು?"

"ದಿನಾ ಸಂಜೆ ಸೈಕಲ್ಲು ಮನೆ ಬಾಗಿಲಲ್ಲೇ ನಿಂತಿರುತ್ತೆ," ಎಂದಳು ಅವಳು. "ಅಷ್ಟು ದೂರ ಹೋಗಿ ಅಳೆಯೋಕೆ ಇವರಿಗೆಲ್ಲಿ ಬಿಡುವು?"

ಅಂಗಡಿಯವನು ಅವಳ ಸೈಕಲ್ಲಿಗೆ ಅಳತೆ ಹಿಡಿದ. ಎಂಟು ಗೇರಿನ ಹಬ್ ಆ ಸಂದಿಗೆ ಅಗಲವಾಯಿತು; ಮೂರರದು ಸರಿಯಾಗಿ ಕೂರುತ್ತಿತ್ತು.

"ಹಾಗಾದ್ರೆ ಸೈಕಲ್ಲನ್ನೇ ಬದಲಾಯಿಸೋಣ," ಎಂದರು ಮೇಷ್ಟ್ರು.

"ಹಬ್ಬಿಗೆ ಹೊಂದೋ ಸೈಕಲ್ಲು, ಸೈಕಲ್ಲಿಗೆ ಹೊಂದೋ ಹೆಂಡತಿ. ಎರಡನ್ನೂ ಒಂದೇ ಸಲ ತಂದ್ಬಿಡಿ."

ಅಂಗಡಿಯವನು ನಗು ನುಂಗಿಕೊಂಡು ತನ್ನದೇ ಮೂರು ಗೇರಿನ ಸೈಕಲ್ಲನ್ನು ಹೊರಗೆ ತಂದ. ದಿಬ್ಬ ಹತ್ತಿ ನೋಡಿ ಎಂದ. ತಾವೇ ಮೊದಲು ಪರೀಕ್ಷಿಸಬೇಕೆಂದು ಮೇಷ್ಟ್ರು ಸೈಕಲ್ ಹತ್ತಿಯೇಬಿಟ್ಟರು. ಹತ್ತು ನಿಮಿಷದಲ್ಲಿ ಬೆವರು ಸುರಿಸುತ್ತ, ಸೈಕಲ್ ತಳ್ಳಿಕೊಂಡು ವಾಪಸು ಬಂದರು. ಎಷ್ಟು ಜೋರಾಗಿ ತುಳಿದರೂ ಗೇರು ಬೀಳಲಿಲ್ಲವಂತೆ, ಮಾಲೇ ಸರಿಯಿಲ್ಲವಂತೆ.

"ಗೇರು ಬದಲಾಯಿಸೋವಾಗ ತುಳಿಯೋದನ್ನ ಒಂದು ಕ್ಷಣ ನಿಲ್ಲಿಸ್ಬೇಕು ಸರ್."

"ಇವರಿಗೆ ಯಾವುದನ್ನೂ ನಿಲ್ಲಿಸಿ ಅಭ್ಯಾಸವಿಲ್ಲ," ಎಂದು ಅವಳು ಸೈಕಲ್ ಇಸಿದುಕೊಂಡಳು.

ಆಸ್ಪತ್ರೆಯ ದಿಬ್ಬದಲ್ಲಿ ಅವಳು ಯಾವಾಗಲೂ ಇಳಿದು ತಳ್ಳುವ ತಿರುವು ಬಂತು. ಅವಳು ಕಾಲು ಸಡಿಲಿಸಿ ಗೇರು ಬದಲಿಸಿದಳು. ಒಳಗೆಲ್ಲೋ ಟಕ್ ಎಂದಿತು, ಪೆಡಲು ಹಗುರಾಯಿತು. ಆಸ್ಪತ್ರೆಯ ಗೇಟು ಬರುವವರೆಗೂ ಮಂಡಿ ತಕರಾರು ತೆಗೆಯಲಿಲ್ಲ. ಅಲ್ಲೇ ಸೈಕಲ್ ತಿರುಗಿಸಿದಳು. ಸಂತೋಷವಾಗಿತ್ತು, ಆ ನಾಲ್ಕು ತಿಂಗಳು ನೆನಪಾಗಿ ಸಿಟ್ಟೂ ಬಂದಿತ್ತು.

ಕೆಳಗೆ ಬಂದವಳೇ, ಇವತ್ತೇ ಮೂರು ಗೇರಿನದು ಹಾಕಿಬಿಡಿ ಎಂದಳು ಅಂಗಡಿಯವನಿಗೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಲೆಕ್ಕ ಹಾಕಿದ್ರೆ ನಾನೂ ಕೊನೆಗೆ ಅಲ್ಲಿಗೇ ಬರ್ತಿದ್ದೆ."

"ಬರ್ತಿದ್ರಿ," ಎಂದಳು ಅವಳು. "ತಳ್ಕೊಂಡು."