ಕೆಸರಪ್ಪನ ಹೆಂಡತಿ

ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹೆಂಗಸರು ನಂಬುತ್ತಾರೆ. ನಾನು ನಲವತ್ತೆಂಟು ವರ್ಷ ಹೇಳಲಿಲ್ಲ. ಆದರೂ ಅವರು ಹೋದರು. ಹೀಗಾಗಿ ಆ ನಂಬಿಕೆಯ ಮೇಲೆ ನನಗೆ ಈಗ ಅಷ್ಟೇನೂ ಭರವಸೆ ಇಲ್ಲ. ಸರಿ, ಈಗಲಾದರೂ ಬಾಯಿಬಿಟ್ಟು ಹೇಳೋಣವೆಂದರೆ ಹೆಸರು ಒಂಟಿಯಾಗಿ ಬರುವುದೇ ಇಲ್ಲ, ಒಡಪಿನ ಬಾಲ ಹಿಡಿದುಕೊಂಡೇ ಬರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮದುವೆಯಲ್ಲಿ, ಬಸುರಿಗೆ ಕುಬಸ ಮಾಡುವಾಗ, ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಗಂಡನ ಹೆಸರ ಹೇಳು, ಒಳಗ ಬಿಡ್ತೀವಿ” ಎಂದು ಕಾಡುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಒಡಪಿನಲ್ಲಿ ಹೇಳಿದರೆ ಆಯುಷ್ಯಕ್ಕೆ ಏನೂ ಆಗುವುದಿಲ್ಲವಂತೆ. ನನ್ನ ಒಡಪು ನಾನೇ ಕಟ್ಟಿದ್ದು, ಮದುವೆಯಾದ ವರ್ಷ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುತ್ತಿದ್ದಾಗ:

“ಕಾಲುವಿ ನೀರು ಬಂತು, ಕಾಲಿಗೆಲ್ಲ ಕೆಸರು,
ಕರಿಯಪ್ಪ ಅಂಬೋದು ನಮ್ಮನಿಯವರ ಹೆಸರು.”

ದೊಡ್ಡ ಒಡಪೇನಲ್ಲ. ಆದರೆ ಅವರೂ ದೊಡ್ಡ ಗಂಡನೇನಲ್ಲ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಕೆಲಸ. ಮಾತಾಡಿದರೆ ಲೆಕ್ಕ ತಪ್ಪುತ್ತದೆಂದು ಅಲ್ಲಿ ಮಾತು ಬಿಟ್ಟವರು ಮನೆಯಲ್ಲೂ ಬಿಟ್ಟರು. ನನ್ನನ್ನು ಕರೆಯಬೇಕಾದರೆ “ಕೇಳ್ತದೇನು?” ಎನ್ನುತ್ತಿದ್ದರು. ಕೇಳುತ್ತಿತ್ತು. ಮುಂದೆ ಏನೂ ಹೇಳುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ; ಅದರ ಕಥೆ ಇಲ್ಲಿ ಬೇಡ. ನಾನು ಓದಿದ್ದು ಎರಡನೆಯ ಇಯತ್ತೆ. ಉಳಿದ ಅಕ್ಷರ ಕಲಿತದ್ದು ಅವರು ಮನೆಗೆ ತರುತ್ತಿದ್ದ ಖಾಲಿ ಚೀಲಗಳ ಮೇಲಿನ ಬರಹ ನೋಡಿ. ಅದಕ್ಕೇ ನನ್ನ ಅಕ್ಷರ ಇಷ್ಟು ದಪ್ಪ.

ಗಿರಣಿ ಬಿಟ್ಟ ವರ್ಷ, ಬೇಸಿಗೆಯಲ್ಲಿ, ಮಧ್ಯಾಹ್ನ ಮನೆಗೆ ಬಂದು ಚೊಂಬು ನೀರು ಕುಡಿದು, “ಊಟಿಗೆ ಹೋಗೂಣು” ಎಂದರು.

“ಯಾರ ಮದಿವಿ?” ಎಂದೆ.

“ಊಟಕ್ಕಲ್ಲಲೇ, ಊಟಿಗೆ! ಗುಡ್ಡದ ಮ್ಯಾಲ ಕೆರಿ ಅದಂತ. ದೋಣ್ಯಾಗ ಇಬ್ಬರ ಕುಂತು ತಿರುಗ್ಯಾಡತಾರಂತ.”

ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಊಟಿ, ಗುಡ್ಡ, ಕೆರೆ ಎಲ್ಲ ಮರೆತು ‘ಇಬ್ಬರ’ ಎಂಬ ಒಂದು ಶಬ್ದ ಹಿಡಿದುಕೊಂಡು ಕೂತೆ. ಅಲ್ಲಿಯತನಕ ನಾವು ಊರು ಬಿಟ್ಟು ಹೋದದ್ದೆಂದರೆ ನೀರಮಾನ್ವಿ ಯಲ್ಲಮ್ಮನಿಗೆ, ಇಲ್ಲವೇ ನನ್ನ ತವರು ಗಬ್ಬೂರಿಗೆ. ಎರಡೂ ಕಡೆ ಅವರು ಗಂಡಸರ ಸಾಲಿನಲ್ಲಿ, ನಾನು ಹೆಂಗಸರ ಸಾಲಿನಲ್ಲಿ. ದೋಣಿಯಲ್ಲಿ ಸಾಲು ಮಾಡಲು ಜಾಗವಿರುವುದಿಲ್ಲವಲ್ಲ ಎಂದುಕೊಂಡೆ.

ರಾಯಚೂರಿನಿಂದ ಟೂರಿಸ್ಟ್ ಬಸ್ಸು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಊಟಿಯ ಚಳಿಗೆ ರೊಟ್ಟಿ ಮೆತ್ತಗಾಯಿತು, ನಾನು ಖಡಕ್ಕಾದೆ. ಅಲ್ಲಿ ಎಲ್ಲಿ ನೋಡಿದರೂ ಹೂವು, ಮುಡಿಯಲಿಕ್ಕೂ ಬಿಡುವುದಿಲ್ಲ, ದೇವರಿಗೆ ಏರಿಸಲಿಕ್ಕೂ ಬಿಡುವುದಿಲ್ಲ. ಕೆರೆಯೂ ಹಾಗೇ. ಅಷ್ಟು ನೀರು ನಮ್ಮಲ್ಲಿದ್ದರೆ ಎರಡು ಬೆಳೆ ಭತ್ತ ತೆಗೆಯುತ್ತಿದ್ದರು. ಅಲ್ಲಿ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. ಚಂದ ಇತ್ತು, ಸುಳ್ಳೇಕೆ ಹೇಳಲಿ.

“ಇಲ್ಲೇ ನಿಂದ್ರು, ದೋಣಿ ಚೀಟಿ ತರ್ತೀನಿ” ಎಂದು ಹೋದವರು ಬರಲಿಲ್ಲ. ಬಹಳ ಹೊತ್ತಾಯಿತು. ಇಬ್ಬರ ನಡುವೆ ಇದ್ದ ಒಂದು ಫೋನು ನನ್ನ ಚೀಲದಲ್ಲೇ, ರೊಟ್ಟಿಯ ಅರಿವೆಯೊಳಗೆ ಬೆಚ್ಚಗಿತ್ತು. ಗಂಡಸರೆಲ್ಲ ಮುಖ ಮುಚ್ಚುವ ಉಲ್ಲನ್ ಟೋಪಿ ಹಾಕಿದ್ದರು. ಎಲ್ಲರೂ ನನ್ನ ಗಂಡನ ಹಾಗೆಯೇ ಕಂಡರು. “ರೀ! ಇಲ್ಲಿ ನೋಡ್ರಿ!” ಎಂದು ಕೂಗಿದೆ. ಆರು ಟೋಪಿಗಳು ತಿರುಗಿ ನೋಡಿದವು. ಯಾವುದೂ ನಮ್ಮದಲ್ಲ. ಭಾಷೆ ಬರುವುದಿಲ್ಲ, ಊರು ಗೊತ್ತಿಲ್ಲ, ಮತ್ತು ಈ ಜಗತ್ತಿನಲ್ಲಿ ನನಗೆ ಇರುವ ಒಬ್ಬ ಮನುಷ್ಯನನ್ನು ಕರೆಯಲಿಕ್ಕೆ ನನ್ನ ಹತ್ತಿರ ಶಬ್ದವೇ ಇಲ್ಲ.

ಮೈಕಿನಲ್ಲಿ ಕೂಗುವವನ ಹತ್ತಿರ ಹೋದೆ. ತಮಿಳಿನವನು, ಹರಕು ಮುರುಕು ಕನ್ನಡ ಬರುತ್ತಿತ್ತು.

“ಹೆಸ್ರು ಹೇಳಮ್ಮಾ.”

“ನಮ್ಮನಿಯವರು.”

ಅವನು ಮೈಕು ಹಿಡಿದು, “ಮಿಸ್ಟರ್ ನಮ್ಮನಿಯವರು, ಎಲ್ಲಿದ್ರೂ ಬರಬೇಕು” ಎಂದು ಎರಡು ಸಲ ಕೂಗಿದ. ಮಿಸ್ಟರ್ ನಮ್ಮನಿಯವರು ಬರಲಿಲ್ಲ. ನಾನು ಅವನ ಪೆನ್ನು ಕಸಿದುಕೊಂಡು ಚೀಲದ ಅಕ್ಷರದಲ್ಲಿ ಹೆಸರು ಬರೆದುಕೊಟ್ಟೆ. ಅವನು ಚೀಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿ, “ಕನ್ನಡ ಓದಕ್ಕೆ ಬರಲ್ಲಮ್ಮಾ, ನೀನೇ ಹೇಳು” ಎಂದು ಮೈಕನ್ನೇ ನನ್ನ ಬಾಯಿಗೆ ಹಿಡಿದ.

ಏನು ಮಾಡಲಿ? ಕಣ್ಣು ಮುಚ್ಚಿದೆ. ಕಾಲುವೆ ನೀರು ಬಂತು, ಕಾಲಿಗೆಲ್ಲ ಕೆಸರಾಯಿತು, ಕರಿಯಪ್ಪನ ಹೆಸರು ಇಡೀ ಕೆರೆಯ ಮೇಲೆ ಹೋಯಿತು. ಗುಡ್ಡಕ್ಕೆ ಬಡಿದು ಇನ್ನೊಮ್ಮೆ ವಾಪಸು ಬಂತು. ನಮ್ಮ ಸೀಮೆಯ ಯಾರೋ ಹೆಂಗಸರು ದೂರದಿಂದ, “ಭೇಷ್ ಯವ್ವಾ! ಇನ್ನೊಂದು ಹೇಳ್ರಿ!” ಎಂದು ಚಪ್ಪಾಳೆ ಹೊಡೆದರು.

ನಮ್ಮನಿಯವರು ಟೋಪಿ ಕೈಯಲ್ಲಿ ಹಿಡಿದು ಓಡಿ ಬಂದರು. ಎರಡನೆಯ ಗೇಟಿನ ಹತ್ತಿರ ನಿಂತು ನನ್ನನ್ನು ಹುಡುಕುತ್ತಿದ್ದರಂತೆ.

“ಎಷ್ಟು ಮಂದ್ಯಾಗ ಹೇಳಿದಿಲೇ! ಮಾನ ತಗದಿ.”

“ನೀವ್ಯಾಕ ಕೂಗಲಿಲ್ಲ?”

“ಏನಂತ ಕೂಗಲಿ? ‘ಕೇಳ್ತದೇನು’ ಅಂತ ಕೂಗಿದೆ. ಎಲ್ಲಾರೂ ‘ಕೇಳ್ತದ’ ಅಂದ್ರು.”

ದೋಣಿ ಹತ್ತಿದೆವು. ಅವರು ಪೆಡಲ್ ತುಳಿದರು, ನಾನು ರೊಟ್ಟಿ ಗಂಟು ಹಿಡಿದು ಕೂತೆ. ಕೆರೆಯ ನಡುವೆ ತುಳಿಯುವುದನ್ನು ನಿಲ್ಲಿಸಿ, ನೀರು ನೋಡುತ್ತಾ, “ಇನ್ನೊಮ್ಮೆ ಹೇಳು” ಎಂದರು.

“ಏನ?”

“ಅದ… ಕೆಸರು.”

“ಮೊದಲು ನೀವು ನನ್ನ ಹೆಸರ ಹೇಳ್ರಿ” ಎಂದೆ. ನನಗೂ ಸೊಕ್ಕು. ಅವರ ತುಟಿ ಅಲುಗಿದ ಹಾಗಾಯಿತು. ಆಮೇಲೆ ಮತ್ತೆ ತುಳಿಯತೊಡಗಿದರು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೊತ್ತು ಮುಗಿಯಿತೆಂದು ದಂಡೆಯಿಂದ ಸೀಟಿ ಊದಿದರು. ಮುಂದಿನ ಬೇಸಿಗೆ ಬರುವುದರೊಳಗೆ ಅವರೇ ಇರಲಿಲ್ಲ.

ಈಗ ಕುಬಸಕ್ಕೆ ಹೋದರೆ ಬಾಗಿಲಲ್ಲಿ ನನ್ನನ್ನು ಯಾರೂ ತಡೆಯುವುದಿಲ್ಲ. ಗಂಡ ಸತ್ತವಳಿಗೆ ಹೆಸರು ಕೇಳುವ ಪದ್ಧತಿ ಇಲ್ಲ, “ಬರ್ರಿ, ಬರ್ರಿ, ಕುಂದರ್ರಿ” ಎಂದು ಸೀದಾ ಒಳಗೆ ಬಿಡುತ್ತಾರೆ. ಕೇಳಿದ್ದು ಒಂದೇ ಕಡೆ, ಕಚೇರಿಯ ಕಿಟಕಿಯಲ್ಲಿ. ಒಂದು ಕಾರ್ಡು ಮಾಡಿಸಲು ಹೋಗಿದ್ದೆ. “ಅಜ್ಜೀ, ಗಂಡನ ಹೆಸರು?” ಎಂದಳು ಒಳಗಿನ ಹುಡುಗಿ. ನಾನು ಒಡಪು ಹೇಳಿದೆ. ನನಗೆ ಹಲ್ಲಿಲ್ಲ, ಹಿಂದೆ ಗದ್ದಲ. ಅವಳು ಎರಡು ಸಾಲಿನಿಂದ ತನಗೆ ಬೇಕಾದ್ದು ಆರಿಸಿಕೊಂಡು ‘ಕೆಸರಪ್ಪ’ ಎಂದು ಕಂಪ್ಯೂಟರಿನಲ್ಲಿ ಒತ್ತಿಬಿಟ್ಟಳು.

“ತಿದ್ದಿಸ್ಕೋಬೇ, ನಗ್ತಾರ ಮಂದಿ” ಎಂದಳು ಪಕ್ಕದ ಮನೆಯ ಮಲ್ಲಮ್ಮ. ಹೋದೆ. “ಗಂಡನ ಹೆಸರು?” ಹೇಳಿದೆ. ಕಂಪ್ಯೂಟರ್ ನಡೆಯುತ್ತಿಲ್ಲ, ನಾಳೆ ಬರ್ರಿ ಎಂದರು. ಮರುದಿನ ಮತ್ತೆ ಹೋದೆ, ಮತ್ತೆ ಕೇಳಿದರು, ಮತ್ತೆ ಹೇಳಿದೆ. ಸಾಲಿನಲ್ಲಿದ್ದವರು “ಪಾಪ, ಮುದುಕೀನ ಎಷ್ಟ ಅಡ್ಡಾಡಸ್ತಾರ” ಎಂದು ಮರುಗಿದರು. ನಾನು ಪಾಪದ ಮುಖ ಮಾಡಿಕೊಂಡು ನಿಂತೆ.

ಆದರೆ ಆ ಹುಡುಗಿ ಚುರುಕು. ಮೊನ್ನೆ ತಿದ್ದಿ, ‘ಕರಿಯಪ್ಪ’ ಎಂದು ಅಚ್ಚುಕಟ್ಟಾಗಿ ಮಾಡಿ ಕೈಗೆ ಕೊಟ್ಟೇಬಿಟ್ಟಳು. “ಆತಜ್ಜೀ, ಇನ್ನ ನೀವು ಬರೋದು ಬ್ಯಾಡ.” ಮನೆಗೆ ಬಂದು ದೀಪ ಹಚ್ಚಿ, ಇಡೀ ಸಂಜೆ ಕಾರ್ಡು ನೋಡುತ್ತಾ ಕೂತೆ. ಅದು ‘ಗಂಡನ ಹೆಸರು?’ ಎಂದು ಕೇಳಲಿಲ್ಲ.

ಸೋಮವಾರ ಹೋಗಿ ಕಾರ್ಡು ಕಳೆದುಹೋಗಿದೆ ಎಂದು ಹೇಳುವವಳಿದ್ದೇನೆ. ಅದು ಜೋಳದ ಡಬ್ಬಿಯ ತಳದಲ್ಲಿದೆ. ಮಲ್ಲಮ್ಮನಿಗೆ ಹೇಳಬೇಡಿ.