ಚೆಕ್ಕಿನ ಬೆನ್ನ ಮೇಲೊಂದು ಸಾಲು

ನಾನು ಜಗಳಗಂಟಿಯಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಅದನ್ನು ನಂಬುವವರು ಯಾರೂ ಇಲ್ಲ. ನಮ್ಮ ಮನೆಯವರಂತೂ ಮದುವೆಯಾದ ವಾರಕ್ಕೇ ನಂಬಿಕೆ ಬಿಟ್ಟರು. ಏನು ಮಾಡಲಿ, ನಾಲ್ಕು ಪವರ್‌ಲೂಮ್‌ಗಳ ಸದ್ದಿನ ನಡುವೆ ಸಂಸಾರ ಮಾಡಿದವಳ ಗಂಟಲು ಮೆತ್ತಗಿರುವುದು ಕಷ್ಟ.

ನಮಗೆ ನೂಲು ಕೊಟ್ಟು ಕೂಲಿಗೆ ಬಟ್ಟೆ ನೇಯಿಸುವವರು ಕೊಯಮತ್ತೂರಿನ ಒಬ್ಬ ವ್ಯಾಪಾರಿ. ನಮ್ಮವರೇ, ಮನೆಯಲ್ಲಿ ಕನ್ನಡ ಆಡುವವರೇ. ಈ ಸಲ ಬಟ್ಟೆಯಲ್ಲಿ ಎಣ್ಣೆಕಲೆ ಇದೆಯೆಂದು ಹನ್ನೆರಡು ಸಾವಿರ ಮುರಿದುಕೊಂಡು ಚೆಕ್ ಕಳಿಸಿದರು. ಅದರ ಬೆನ್ನ ಮೇಲೆ ತಮಿಳಿನಲ್ಲಿ ದುಂಡಗೆ ಒಂದು ಸಾಲು: ಇದನ್ನು ಬ್ಯಾಂಕಿಗೆ ಹಾಕಿದರೆ ಪೂರ್ತಿ ಲೆಕ್ಕ ತೀರಿದಂತೆ.

"ಹಾಕಿಬಿಡೋಣ, ಕರೆಂಟ್ ಬಿಲ್ ಕಟ್ಟಬೇಕು" ಎಂದರು ಮನೆಯವರು. ನಾನು ಚೆಕ್ಕನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಸೂಲೂರಿನ ವಕೀಲರ ಹತ್ತಿರ ಹೋಗಲು ಬಸ್ ಹತ್ತಿದೆ.

"ಸುಮ್ಮನೆ ಹಾಕಿದರೆ ನೀವು ಒಪ್ಪಿದಿರಿ ಅಂತ ಅವರು ವಾದಿಸಬಹುದು" ಎಂದರು ವಕೀಲರು. "ಮೊದಲು ಕಾಗದ ಬರೀರಿ. ಷರತ್ತು ಒಪ್ಪಿಲ್ಲ, ಇದನ್ನ ಬರಬೇಕಾದ್ದರಲ್ಲಿ ಒಂದು ಭಾಗ ಅಂತ ಮಾತ್ರ ತಗೋತೀವಿ ಅಂತ. ಕೋರ್ಟಲ್ಲಿ ಗೆಲ್ತೀರಿ ಅಂತ ಹೇಳಲಾರೆ. ಕೇಳೋ ಹಕ್ಕನ್ನಂತೂ ಬಿಟ್ಟುಕೊಟ್ಟ ಹಾಗಾಗಲ್ಲ."

ನಾನು ಮೂರು ಪುಟ ಬರೆದೆ. ವ್ಯಾಪಾರಿಯ ತಂಗಿಯ ಮದುವೆಗೆ ನಾವು ಉಡುಗೊರೆ ಕೊಟ್ಟ ಕುಕ್ಕರೂ ಅದರಲ್ಲಿ ಬಂದಿತ್ತು. ವಕೀಲರು ನಾಲ್ಕು ಸಾಲು ಉಳಿಸಿ ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿದರು. ಕುಕ್ಕರ್ ಹೋದದ್ದು ನನಗೆ ಈಗಲೂ ಸಂಕಟ. ಕಾಗದ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ಅದು ತಲುಪಿದ ಮೇಲೆ ಚೆಕ್ ಬ್ಯಾಂಕಿಗೆ ಹೋಯಿತು.

ಮರುದಿನವೇ ವ್ಯಾಪಾರಿಯ ಫೋನು. "ಏನಕ್ಕಾ, ನಮ್ಮ ನಮ್ಮಲ್ಲಿ ವಕೀಲರು ಯಾಕೆ?"

"ನಮ್ಮ ನಮ್ಮಲ್ಲಿ ಷರತ್ತು ಯಾಕಣ್ಣಾ? ಕಲೆಯಾದ ಬಟ್ಟೆ ವಾಪಸು ಕಳಿಸಿ. ನಾನೇ ಹೊಲಿಸಿ ಹಾಕ್ಕೋತೀನಿ."

ಅವರು ಮೆಲ್ಲಗೆ, "ಅದು ಎಲ್ಲಾ ಮಾರಾಟ ಆಗಿಹೋಯ್ತಲ್ಲಕ್ಕಾ" ಎಂದರು.

"ಹಾಗಾದ್ರೆ ಕೊಂಡವರ ಕಣ್ಣಿಗೆ ಬೀಳದ ಕಲೆ ನನ್ನ ಕೂಲಿಗೆ ಮಾತ್ರ ಹೇಗೆ ಹತ್ತಿತು?"

ಆ ವಾರವೇ ಮಿಕ್ಕ ಹನ್ನೆರಡು ಸಾವಿರವೂ ಬಂತು. ಮೂರು ದಿನ ನಾನು ಬೀದಿಯಲ್ಲಿ ಸ್ವಲ್ಪ ಅಗಲವಾಗಿಯೇ ನಡೆದೆ.

ಆದರೆ ಆಮೇಲೆ ಅವರಿಂದ ನೂಲು ಬರಲಿಲ್ಲ. ಬೇರೆ ವ್ಯಾಪಾರಿಯೊಬ್ಬರು ಸಿಗುವವರೆಗೆ ಹದಿನೆಂಟು ದಿನ ಮಗ್ಗಗಳು ಸುಮ್ಮನೆ ನಿಂತಿದ್ದವು. "ಆಹಾ, ಮನೆ ಎಷ್ಟು ನಿಶ್ಶಬ್ದವಾಗಿದೆ ನೋಡಿ, ಹಿತವಾಗಿದೆ" ಎಂದು ಮನೆಯವರಿಗೆ ಹೇಳುತ್ತಿದ್ದೆ. ಹೇಳಿದ್ದು ಸುಳ್ಳೇ. ಆದರೆ ಯಾರಾದರೂ ಅದು ಸುಳ್ಳೆಂದು ಬರೆದುಕೊಡಿ ಅಂದರೆ, ನಾನು ಕೊಡುವವಳಲ್ಲ.